ಚಕ್ರದ ಹಿಡಿತ: ಓಟದ ಪಥಕ್ಕಿಳಿಯುವ ಕಾರಿಗೆ ಉದ್ದನೆಯ ಸ್ಟಡ್ಡುಗಳನ್ನು ಜೋಡಿಸುವ ವಿಚಾರ

೧. ಪೀಠಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳ ಜನರಿಗೆ ಚಕ್ರದ ಮಾತು ಹೊಸತಲ್ಲ. ಹಿರಿಯೂರಿನ ದೇವರ ಹೆಸರೇ ತೇರುಮಲ್ಲೇಶ್ವರ. ಹೊಸದುರ್ಗದ ತೆಂಗೂ ಹೊಳಲ್ಕೆರೆಯ ಅಡಿಕೆಯೂ ಹಿಂದೆ ಎತ್ತಿನ ಬಂಡಿಯನ್ನೇರಿ ಸಂತೆಗೆ ಹೋಗುತ್ತಿದ್ದವು. ಇಂದು ಲಾರಿಯನ್ನೇರಿ ಹೋಗುತ್ತವೆ. ಜಿಲ್ಲೆಯ ಗುಡ್ಡಗಳಿಂದ ತೆಗೆದ ಕಬ್ಬಿಣದ ಅದಿರು ಸಾಗುವುದೂ ಲಾರಿಗಳಲ್ಲಿಯೇ. ದೆಹಲಿಯಿಂದ ಚೆನ್ನೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ೪೮ ಚಿತ್ರದುರ್ಗವನ್ನೂ ಹಿರಿಯೂರನ್ನೂ ಹಾದು ಹೋಗುವುದರಿಂದ, ಚಕ್ರ ಬಿಚ್ಚಿ ಚಕ್ರ ತೊಡಿಸುವ ಕಸಬಿನ ಅಂಗಡಿಗಳು ಈ ದಾರಿಯ ಎರಡೂ ಮಗ್ಗುಲಲ್ಲಿ ಬೆಳೆದಿವೆ.

ಇದೇ ಹೆದ್ದಾರಿಯು ಬೆಂಗಳೂರನ್ನು ದಾಟಿ ಚೆನ್ನೈಯನ್ನು ಸಮೀಪಿಸುವಾಗ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಎಂಬ ಸ್ಥಳವನ್ನು ಮುಟ್ಟುತ್ತದೆ. ಅಲ್ಲಿ ೩.೭೧೭ ಕಿಲೋಮೀಟರು ಉದ್ದದ ಮೋಟಾರು ಓಟದ ಪಥವಿದೆ. ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಇನ್ನೊಂದು ಪಥವಿದೆ. ಇಂತಹ ಪಥಗಳಲ್ಲಿ, ಸ್ಪರ್ಧೆಯಿಲ್ಲದ ದಿನಗಳಲ್ಲಿ, ಸಾಮಾನ್ಯ ಜನರು ಶುಲ್ಕ ತೆತ್ತು ತಮ್ಮ ಸ್ವಂತ ಕಾರುಗಳನ್ನು ವೇಗವಾಗಿ ಓಡಿಸುವ ಪದ್ಧತಿ ಬೆಳೆದುಬಂದಿದೆ. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಚಿತ್ರದುರ್ಗದ ತರುಣನೊಬ್ಬನು ಈ ಹವ್ಯಾಸಕ್ಕೆ ಮನಸೋತನೆನ್ನೋಣ. ಅವನು ತನ್ನ ಮನೆಯ ಮುಂದಿನ ಹೆದ್ದಾರಿಯಲ್ಲಿಯೇ ಸುಮಾರು ಐನೂರು ಕಿಲೋಮೀಟರು ಸಾಗಿ ಪಥವನ್ನು ಸೇರಿ, ದಿನವಿಡೀ ಕಾರನ್ನು ದಂಡಿಸಿ, ಸಂಜೆ ಅದೇ ಕಾರಿನಲ್ಲಿ, ಅವೇ ಚಕ್ರಗಳ ಮೇಲೆ, ಮನೆಗೆ ಹಿಂದಿರುಗಬೇಕು. ಪಥದಲ್ಲಿ ಚಕ್ರ ಕಳಚಿದರೆ ಮರಳು ಹಾಸಿದ ಅಂಚೂ ಕಾವಲುಗಾರರೂ ಇರುತ್ತಾರೆ. ಹೆದ್ದಾರಿಯಲ್ಲಿ ಕಳಚಿದರೆ ಅದು ಎದುರು ಬರುವವರ ಪ್ರಾಣದ ಪ್ರಶ್ನೆ.

ಹೀಗೆ ಕಾರನ್ನು ಪಥಕ್ಕೆ ಸಜ್ಜುಗೊಳಿಸುವವರು ಮೊದಲು ಮಾಡಿಸುವ ಮಾರ್ಪಾಡುಗಳಲ್ಲಿ, ಚಕ್ರವನ್ನು ಹಿಡಿದಿಡುವ ಸ್ಟಡ್ಡುಗಳನ್ನು ತೆಗೆದು ಉದ್ದನೆಯವನ್ನು ಕೂಡಿಸುವುದೂ ಒಂದು. ನೋಡುವುದಕ್ಕೆ ಇದು ಅಲ್ಪ ಕೆಲಸ. ಆದರೆ ‘ಉದ್ದವಾದುದು ಹೆಚ್ಚು ಬಲವಾದುದು’ ಎಂಬ ತಪ್ಪು ತಿಳುವಳಿಕೆ ಇದರ ಸುತ್ತ ಹಬ್ಬಿದೆ. ಸ್ಟಡ್ಡು ನಿಜವಾಗಿ ಮಾಡುವ ಕೆಲಸವೇನು, ಅದರ ಉದ್ದಕ್ಕೂ ಬಲಕ್ಕೂ ಇರುವ ಸಂಬಂಧವೇನು, ಜೋಡಿಸುವಾಗ ಯಾವ ಕ್ರಮವನ್ನು ಅನುಸರಿಸಬೇಕು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ. ಪದವಿ ತರಗತಿಯ ಯಂತ್ರಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಕೈಗೆಟುಕುವ ಉದಾಹರಣೆ ವಿರಳವೆಂದು ನಮ್ಮ ಭಾವನೆ.

೨. ಮೂರು ಬಗೆಯ ಹಿಡಿತ

ಚಕ್ರವನ್ನು ಹಿಡಿದಿಡುವ ಉಪಾಯಗಳಲ್ಲಿ ನಮ್ಮ ನಾಡಿನವರಿಗೆ ಬಹುಕಾಲದಿಂದ ಪರಿಚಿತವಾದುದು ಕಡಾಣಿ. ಬಂಡಿಯ ಅಚ್ಚಿನ ತುದಿಯಲ್ಲಿ ಕೊರೆದ ತೂತಿನೊಳಗೆ ಇಳಿಬಿಟ್ಟ ಕಬ್ಬಿಣದ ಕೀಲು ಅದು. ಜೇಡರ ದಾಸಿಮಯ್ಯನೂ ಅದನ್ನು ಕಡೆಗೀಲೆಂದು ಕರೆದು ದೃಷ್ಟಾಂತವಾಗಿ ಬಳಸಿದ್ದಾನೆ. ಬಂಡಿಯ ಚಕ್ರವು ಅಚ್ಚಿನ ಮೇಲೆ ಸಡಿಲವಾಗಿಯೇ ತಿರುಗುತ್ತದೆ; ಸಡಿಲವಿಲ್ಲದಿದ್ದರೆ ಅದು ತಿರುಗುವಂತೆಯೇ ಇಲ್ಲ. ಚಕ್ರವು ಹೊರಕ್ಕೆ ಸರಿದು ಬಂದಾಗ ಕಡಾಣಿಯು ಅಡ್ಡನಿಂತು ತಡೆಯುತ್ತದೆ. ಅದು ಚಕ್ರವನ್ನು ಅದುಮಿ ಹಿಡಿಯುವುದಿಲ್ಲ. ಚಕ್ರ ಸರಿಯದಿರುವಾಗ ಅದರ ಮೇಲೆ ಭಾರವೇ ಇಲ್ಲವೆನ್ನಬಹುದು.

ಎರಡನೆಯದು ಹಳಿಯ ಹಿಡಿತ. ಕಮ್ಮಾರನು ಕಬ್ಬಿಣದ ಹಳಿಯ ಸುತ್ತಳತೆಯನ್ನು ಮರದ ಚಕ್ರದ ಸುತ್ತಳತೆಗಿಂತ ಸ್ವಲ್ಪ ಕಡಿಮೆ ಇರುವಂತೆ ಬೆಸೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಹಳಿಯನ್ನು ಚಕ್ರಕ್ಕೆ ತೊಡಿಸಿ, ಕೂಡಲೇ ನೀರು ಸುರಿಯುತ್ತಾನೆ. ಒಂದೂವರೆ ಮೀಟರು ವ್ಯಾಸದ ಚಕ್ರವಾದರೆ ಹಳಿಯ ಸುತ್ತಳತೆ ಸುಮಾರು ೪.೭ ಮೀಟರು. ಅದನ್ನು ೫೦೦ ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದರೆ ಸುಮಾರು ೨೮ ಮಿಲಿಮೀಟರು, ಎಂದರೆ ಒಂದು ಅಂಗುಲಕ್ಕೂ ಮೀರಿ, ಹಿಗ್ಗುತ್ತದೆ. ತಣಿದಾಗ ಅದು ತನ್ನ ಮೊದಲಿನ ಅಳತೆಗೆ ಮರಳಬಯಸುತ್ತದೆ. ಮರದ ಚಕ್ರವು ಅದಕ್ಕೆ ಅವಕಾಶ ಕೊಡುವುದಿಲ್ಲ. ಆದುದರಿಂದ ಹಳಿಯು ಸದಾ ಎಳೆಯಲ್ಪಟ್ಟ ಸ್ಥಿತಿಯಲ್ಲಿಯೇ ಉಳಿದು, ಚಕ್ರದ ಕಾಲುಗಳನ್ನೆಲ್ಲ ನಡುವಿನ ಗುಂಬದ ಕಡೆಗೆ ಅದುಮುತ್ತಿರುತ್ತದೆ. ಮೊಳೆಯ ಹಂಗಿಲ್ಲದೆ ಚಕ್ರ ಗಟ್ಟಿಯಾಗುವುದು ಈ ಎಳೆತದಿಂದ.

ಮೂರನೆಯದು ಒತ್ತಿ ಕೂರಿಸಿದ ಹಿಡಿತ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ನಿಂತು ರೈಲುಗಾಡಿಯನ್ನು ನೋಡಿದವರಿಗೆ ಅದರ ಚಕ್ರವನ್ನು ಅಚ್ಚಿಗೆ ಸೇರಿಸಿದ ನಟ್ಟೂ ಕಡಾಣಿಯೂ ಕಾಣುವುದಿಲ್ಲ. ಚಕ್ರದ ತೂತಿಗಿಂತ ಅಚ್ಚಿನ ವ್ಯಾಸವು ಕೂದಲೆಳೆಯಷ್ಟು ಹೆಚ್ಚಾಗಿರುವಂತೆ ಮಾಡಿ, ದೊಡ್ಡ ಒತ್ತುಯಂತ್ರದಿಂದ ಒಂದರೊಳಗೊಂದನ್ನು ನುಗ್ಗಿಸಿ ಕೂರಿಸಿರುತ್ತಾರೆ.

ಕಾರಿನ ಸ್ಟಡ್ಡನ್ನು ಕಂಡವರು ಸಾಮಾನ್ಯವಾಗಿ ಅದನ್ನು ಕಡಾಣಿಯ ಜಾತಿಗೆ ಸೇರಿಸುತ್ತಾರೆ: ಚಕ್ರವು ಸ್ಟಡ್ಡುಗಳ ಮೇಲೆ ತೂಗುಬಿದ್ದಿದೆ, ಸ್ಟಡ್ಡುಗಳು ಗೂಟದಂತೆ ಭಾರ ಹೊರುತ್ತವೆ, ನಟ್ಟು ಹೊರಕ್ಕೆ ಸರಿಯದಂತೆ ತಡೆಯುತ್ತದೆ ಎಂದು. ಇದು ಸರಿಯಲ್ಲ. ಸ್ಟಡ್ಡು ಹಳಿಯ ಜಾತಿಯದು. ಅದರ ಬುಡವು ಹಬ್ಬಿನ ತೂತಿನಲ್ಲಿ ರೈಲುಚಕ್ರದ ರೀತಿಯಲ್ಲಿ ಒತ್ತಿ ಕೂತಿರುತ್ತದೆ. ಅದರ ಮೈ ಬಂಡಿಯ ಹಳಿಯ ರೀತಿಯಲ್ಲಿ ಎಳೆಯಲ್ಪಟ್ಟಿರುತ್ತದೆ. ಈ ಒಂದು ಮಾತು ಮನಸ್ಸಿಗೆ ಹಿಡಿದರೆ ಮುಂದಿನದೆಲ್ಲ ತಾನಾಗಿಯೇ ತಿಳಿಯುತ್ತದೆ.

೩. ಸ್ಟಡ್ಡಿನ ಕಾರ್ಯ

ನಟ್ಟನ್ನು ತಿರುಗಿಸಿದಾಗ ಅದು ಚಕ್ರವನ್ನು ಒಳಕ್ಕೆ ಅದುಮುತ್ತದೆ, ಸ್ಟಡ್ಡನ್ನು ಹೊರಕ್ಕೆ ಎಳೆಯುತ್ತದೆ. ಉಕ್ಕಿನ ಸ್ಟಡ್ಡು ಸ್ಥಿತಿಸ್ಥಾಪಕ ಗುಣವುಳ್ಳದ್ದಾದ ಕಾರಣ ಸ್ಪ್ರಿಂಗಿನಂತೆ ಹಿಗ್ಗಿ, ಕುಗ್ಗಲು ಯತ್ನಿಸುತ್ತ ಚಕ್ರವನ್ನು ಹಬ್ಬಿನ ಮುಖಕ್ಕೆ ಬಲವಾಗಿ ಒತ್ತಿಹಿಡಿಯುತ್ತದೆ. ಚಕ್ರದ ಮುಖಕ್ಕೂ ಹಬ್ಬಿನ ಮುಖಕ್ಕೂ ನಡುವೆ ಆಗ ಉಂಟಾಗುವ ಘರ್ಷಣೆಯೇ ಬ್ರೇಕಿನ ಬಲವನ್ನೂ ಎಂಜಿನ್ನಿನ ಬಲವನ್ನೂ ಚಕ್ರಕ್ಕೆ ಮುಟ್ಟಿಸುತ್ತದೆ. ಎಲ್ಲವೂ ಕ್ರಮವಾಗಿರುವಾಗ ಸ್ಟಡ್ಡಿನ ಮೇಲೆ ಅಡ್ಡಬಲ ಬಹುಮಟ್ಟಿಗೆ ಬೀಳುವುದೇ ಇಲ್ಲ.

ಇದನ್ನು ಅಂಕಿಗಳಿಂದ ಪರೀಕ್ಷಿಸೋಣ. ಸಣ್ಣ ಕಾರುಗಳ ಸ್ಟಡ್ಡು ಸಾಮಾನ್ಯವಾಗಿ ೧೨ ಮಿಲಿಮೀಟರು ವ್ಯಾಸದ್ದು; ತಿರುಪಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ ೧.೫ ಅಥವಾ ೧.೨೫ ಮಿಲಿಮೀಟರು. ನಟ್ಟನ್ನು ಬಿಗಿಸುವ ತಿರುಪುಬಲ, ಎಂದರೆ ಕಾರ್ಖಾನೆಯವರು ಟಾರ್ಕ್ ಎಂದು ಕರೆಯುವ ಪ್ರಮಾಣ, ೧೦೮ ನ್ಯೂಟನ್-ಮೀಟರು ಎಂದು ಇಟ್ಟುಕೊಳ್ಳೋಣ. ತಿರುಪುಬಲ, ಕರ್ಷಣ, ವ್ಯಾಸ ಇವುಗಳ ಸಂಬಂಧ ಹೀಗಿದೆ:

ತಿರುಪುಬಲ = ಗುಣಾಂಕ × ಕರ್ಷಣ × ವ್ಯಾಸ

ಒಣಗಿದ, ಸ್ವಚ್ಛವಾದ ತಿರುಪಿಗೆ ಗುಣಾಂಕವನ್ನು ಸುಮಾರು ೦.೨ ಎಂದು ಗ್ರಹಿಸುವ ವಾಡಿಕೆಯಿದೆ. ಆದಕಾರಣ ಕರ್ಷಣವು ೧೦೮ ÷ (೦.೨ × ೦.೦೧೨) = ೪೫,೦೦೦ ನ್ಯೂಟನ್; ಎಂದರೆ ಸುಮಾರು ನಾಲ್ಕೂವರೆ ಟನ್ನಿನ ಭಾರ. ನಾಲ್ಕು ಸ್ಟಡ್ಡುಗಳುಳ್ಳ ಒಂದು ಚಕ್ರವನ್ನು ಅದುಮುವ ಒಟ್ಟು ಬಲ ಸುಮಾರು ಹದಿನೆಂಟು ಟನ್ನಿನಷ್ಟು. ಇಡೀ ಕಾರಿನ ತೂಕ ಒಂದು ಟನ್ನು ಎಂಬುದನ್ನು ನೆನೆದರೆ ಈ ಬಲದ ಅಗಾಧತೆ ತಿಳಿದೀತು.

ಇಷ್ಟು ಬಲ ಅನಾವಶ್ಯಕವೆಂದು ತೋರಬಹುದು. ಆದರೆ ಬ್ರೇಕನ್ನು ಬಲವಾಗಿ ಒತ್ತಿದಾಗ ಏನಾಗುತ್ತದೆಂದು ಲೆಕ್ಕ ಹಾಕೋಣ. ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಒಂದು ಚಕ್ರದ ಮೇಲೆ ೪೫೦ ಕಿಲೋಗ್ರಾಂ ಬೀಳಲಿ. ಟೈರಿಗೂ ನೆಲಕ್ಕೂ ಇರುವ ಘರ್ಷಣಾಂಕ ೧ ಇರಲಿ. ಆಗ ಟೈರಿನ ಅಂಚಿನಲ್ಲಿ ಸುಮಾರು ೪,೪೦೦ ನ್ಯೂಟನ್ ಬಲವಿರುತ್ತದೆ. ಟೈರಿನ ತ್ರಿಜ್ಯ ೨೮ ಸೆಂಟಿಮೀಟರು, ಸ್ಟಡ್ಡುಗಳು ನಿಂತ ವೃತ್ತದ ತ್ರಿಜ್ಯ ೫ ಸೆಂಟಿಮೀಟರು. ಸನ್ನೆಗೋಲಿನ ನಿಯಮದಂತೆ ಆ ವೃತ್ತದಲ್ಲಿ ಬೀಳುವ ಬಲ ಸುಮಾರು ೨೪,೬೦೦ ನ್ಯೂಟನ್. ಇತ್ತ ಹಬ್ಬಿನ ಮುಖದ ಘರ್ಷಣಾಂಕವನ್ನು ೦.೨ ಎಂದಿಟ್ಟರೆ ಹಿಡಿತದ ಬಲ ೪ × ೪೫,೦೦೦ × ೦.೨ = ೩೬,೦೦೦ ನ್ಯೂಟನ್. ಬೇಕಾದದ್ದು ಇಪ್ಪತ್ತೈದು ಸಾವಿರದ ಸನಿಹ, ಇರುವುದು ಮೂವತ್ತಾರು ಸಾವಿರ. ಕರ್ಷಣದಲ್ಲಿ ಮೂರರಲ್ಲೊಂದು ಪಾಲು ನಷ್ಟವಾದರೆ ಹಿಡಿತ ೨೪,೦೦೦ಕ್ಕೆ ಇಳಿಯುತ್ತದೆ. ಚಕ್ರವು ಹಬ್ಬಿನ ಮೇಲೆ ಜಾರಲಾರಂಭಿಸುತ್ತದೆ. ನಾವು ಹಿಡಿದ ಅಂಕಿಗಳು ಉದಾಹರಣೆಗಾಗಿ ಮಾತ್ರ. ಆದರೂ ಅಂತರವು ನಾವೆಣಿಸುವಷ್ಟು ವಿಶಾಲವಾದುದಲ್ಲ ಎಂಬುದು ಸ್ಪಷ್ಟ.

ಚಕ್ರ ಜಾರತೊಡಗಿದರೆ ಮುಂದಿನದು ಶೀಘ್ರವಾಗಿ ನಡೆದುಹೋಗುತ್ತದೆ. ಪ್ರತಿ ಸಾರಿ ಬ್ರೇಕು ಒತ್ತಿದಾಗಲೂ, ತಿರುವು ತೆಗೆದುಕೊಂಡಾಗಲೂ ಸ್ಟಡ್ಡು ಅತ್ತಿತ್ತ ಬಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವಂತೆ, ಸ್ಟಡ್ಡು ತಿರುಪಿನ ಬುಡದಲ್ಲಿ ಬಿರುಕುಬಿಟ್ಟು ಮುರಿಯುತ್ತದೆ. ಒಂದು ಮುರಿದರೆ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಆದುದರಿಂದ ಮುರಿದ ಸ್ಟಡ್ಡನ್ನು ಕಂಡು ‘ಉಕ್ಕು ದುರ್ಬಲವಾಗಿತ್ತು’ ಎನ್ನುವುದು ಹಲವು ವೇಳೆ ತಪ್ಪು ನಿರ್ಣಯ. ಅದು ಸಡಿಲವಾಗಿದ್ದುದರಿಂದ ಮುರಿದಿರುವ ಸಂಭವವೇ ಹೆಚ್ಚು.

೪. ಉದ್ದವೇಕೆ ಬೇಕು

ಹಾಗಾದರೆ ಉದ್ದನೆಯ ಸ್ಟಡ್ಡಿನಿಂದ ಪ್ರಯೋಜನವೇನು? ನಟ್ಟಿನಿಂದ ಹೊರಕ್ಕೆ ಚಾಚಿದ ಭಾಗದಲ್ಲಿ ಕರ್ಷಣವೇ ಇಲ್ಲ. ಅದು ಸುಮ್ಮನೆ ಇರುವ ಲೋಹ. ಅದೇ ವ್ಯಾಸ, ಅದೇ ಉಕ್ಕು, ಅದೇ ಚಕ್ರ ಇದ್ದಲ್ಲಿ ಸ್ಟಡ್ಡನ್ನು ಎರಡರಷ್ಟು ಉದ್ದ ಮಾಡಿದರೂ ಹಿಡಿತ ಎಳ್ಳಷ್ಟೂ ಹೆಚ್ಚುವುದಿಲ್ಲ. ಉದ್ದವು ಬೇಕಾಗುವುದು ನಟ್ಟಿಗೆ ಸಾಕಷ್ಟು ಸುತ್ತುಗಳು ದೊರಕಲಿ ಎಂಬ ಒಂದೇ ಉದ್ದೇಶಕ್ಕೆ.

ಪಥದ ಕಾರಿನಲ್ಲಿ ಈ ಕೊರತೆ ಉಂಟಾಗುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಕಾರ್ಖಾನೆಯ ಉಕ್ಕಿನ ತಗಡಿನ ಚಕ್ರವನ್ನು ಬಿಟ್ಟು ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರವನ್ನು ತೊಡಿಸುವುದು. ಅಲ್ಯೂಮಿನಿಯಂ ಮೃದುವಾದ ಲೋಹವಾದುದರಿಂದ ಅದರ ಕೂರುವ ಭಾಗವನ್ನು ಹೆಚ್ಚು ದಪ್ಪವಾಗಿ ಮಾಡಬೇಕಾಗುತ್ತದೆ. ಎರಡನೆಯದು, ದೊಡ್ಡ ಬ್ರೇಕ್ ಕ್ಯಾಲಿಪರಿಗೆ ಎಡೆಗೊಡಲೆಂದೋ ಚಕ್ರಗಳ ನಡುವಿನ ಅಗಲವನ್ನು ಹೆಚ್ಚಿಸಲೆಂದೋ ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಎಂಬ ಬಿಲ್ಲೆಯನ್ನು ಇಡುವುದು.

ಉಕ್ಕಿನ ನಟ್ಟು ಉಕ್ಕಿನ ಸ್ಟಡ್ಡಿನ ಪೂರ್ಣ ಬಲವನ್ನು ತಾಳಬೇಕಾದರೆ ಸ್ಟಡ್ಡಿನ ವ್ಯಾಸದಷ್ಟಾದರೂ ಉದ್ದಕ್ಕೆ ಸುತ್ತುಗಳು ಒಂದನ್ನೊಂದು ಹಿಡಿದಿರಬೇಕೆಂಬುದು ರೂಢಿಯ ನಿಯಮ. ೧೨ ಮಿಲಿಮೀಟರಿನ ಸ್ಟಡ್ಡಿಗೆ, ೧.೫ರ ಅಂತರದಲ್ಲಿ, ಇದು ಎಂಟು ಪೂರ್ಣ ಸುತ್ತು. ಬ್ರೇಕ್ ಡಿಸ್ಕಿನ ಮುಖದಿಂದ ಹೊರಕ್ಕೆ ೨೮ ಮಿಲಿಮೀಟರು ಸ್ಟಡ್ಡು ಚಾಚಿದೆಯೆಂದೂ, ಹೊಸ ಚಕ್ರದಲ್ಲಿ ನಟ್ಟು ಕೂರುವ ತಾಣದ ದಪ್ಪ ೧೪ ಎಂದೂ, ಸ್ಪೇಸರ್ ೫ ಎಂದೂ ಇಟ್ಟುಕೊಂಡರೆ ನಟ್ಟಿಗೆ ಉಳಿಯುವುದು ೯ ಮಿಲಿಮೀಟರು, ಆರೇ ಸುತ್ತು. ಹೊರಗಿನಿಂದ ನೋಡಿದವನಿಗೆ ನಟ್ಟು ಭದ್ರವಾಗಿಯೇ ಕಾಣುತ್ತದೆ, ಪಾನಾ ಕೂಡ ಬಿಗಿಯಾಗಿಯೇ ನಿಲ್ಲುತ್ತದೆ. ಆದುದರಿಂದ ನಟ್ಟನ್ನು ಕೈಯಿಂದ ತಿರುಗಿಸುತ್ತ ಸುತ್ತುಗಳನ್ನು ಎಣಿಸುವ ಅಭ್ಯಾಸ ಒಳ್ಳೆಯದು. ಎಂಟಕ್ಕೆ ಮುಂಚೆಯೇ ನಟ್ಟು ಚಕ್ರವನ್ನು ಮುಟ್ಟಿ ನಿಂತರೆ ಆ ಸ್ಟಡ್ಡು ಸಾಲದು.

ಇಲ್ಲಿ ವಿರುದ್ಧವಾದ ಇನ್ನೊಂದು ಅಪಾಯವನ್ನೂ ಹೇಳಬೇಕು. ಅನೇಕ ಕಾರುಗಳ ನಟ್ಟುಗಳು ಹೊರತುದಿಯಲ್ಲಿ ಮುಚ್ಚಿರುತ್ತವೆ. ಉದ್ದನೆಯ ಸ್ಟಡ್ಡನ್ನು ಹಾಕಿ ಹಳೆಯ ಮುಚ್ಚುನಟ್ಟನ್ನೇ ಬಳಸಿದರೆ, ಚಕ್ರವನ್ನು ಅದುಮುವ ಮೊದಲೇ ಸ್ಟಡ್ಡಿನ ತುದಿ ನಟ್ಟಿನ ತಲೆಗೆ ತಾಗಿಬಿಡಬಹುದು. ಆಗ ಪಾನಾ ಬಿಗಿಯಿತೆಂದು ಹೇಳುತ್ತದೆ. ಚಕ್ರ ಸಡಿಲವಾಗಿಯೇ ಇರುತ್ತದೆ. ಆದಕಾರಣ ಉದ್ದನೆಯ ಸ್ಟಡ್ಡಿಗೆ ಎರಡೂ ತುದಿ ತೆರೆದ ನಟ್ಟುಗಳೇ ತಕ್ಕವು. ಸ್ಟಡ್ಡಿನ ತುದಿ ಹೊರಕ್ಕೆ ಇಣುಕುವುದರಿಂದ ಹಿಡಿತದ ಉದ್ದವನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು.

೫. ಜೋಡಿಸುವ ಕ್ರಮ

ಆಯ್ಕೆಯಲ್ಲಿ ಗಮನಿಸತಕ್ಕ ಅಂಶಗಳು ನಾಲ್ಕು. ತಿರುಪಿನ ವ್ಯಾಸವೂ ಅಂತರವೂ ನಟ್ಟಿಗೆ ಹೊಂದಬೇಕು, ೧.೫ರ ನಟ್ಟನ್ನು ೧.೨೫ರ ಸ್ಟಡ್ಡಿಗೆ ಬಲವಂತವಾಗಿ ಏರಿಸಿದರೆ ಎರಡೂ ಹಾಳು. ಬುಡದ ಬಳಿಯ ಗೀರುಗೀರಾದ ಭಾಗದ ವ್ಯಾಸವು ಹಬ್ಬಿನ ತೂತಿಗೆ ಹೊಂದಬೇಕು. ಕಡಿಮೆಯಾದರೆ ನಟ್ಟು ಬಿಗಿಸುವಾಗ ಸ್ಟಡ್ಡೂ ಜೊತೆಗೆ ತಿರುಗುತ್ತದೆ, ಹೆಚ್ಚಾದರೆ ಹಬ್ ಬಿರುಕು ಬಿಡಬಹುದು. ಉಕ್ಕಿನ ದರ್ಜೆ ಮೂಲದ್ದಕ್ಕಿಂತ ಕೀಳಾಗಿರಕೂಡದು. ೧೦.೯ ಎಂಬ ಗುರುತಿನಲ್ಲಿ ಮೊದಲ ಅಂಕಿಯು ಚದರ ಮಿಲಿಮೀಟರಿಗೆ ಸುಮಾರು ೧,೦೦೦ ನ್ಯೂಟನ್ ಭಾರಕ್ಕೆ ಉಕ್ಕು ಹರಿಯುವುದೆಂದೂ, ಎರಡನೆಯದು ಅದರ ನೂರಕ್ಕೆ ತೊಂಬತ್ತರಷ್ಟಾದಾಗ ಮರಳಿ ಕುಗ್ಗದಂತೆ ಹಿಗ್ಗುವುದೆಂದೂ ಸೂಚಿಸುತ್ತದೆ. ಕೊನೆಯದಾಗಿ, ನಟ್ಟಿನ ಕೂರುವ ಮುಖ ಶಂಕುವಿನಾಕಾರವೋ ಗೋಳಾಕಾರವೋ ಚಪ್ಪಟೆಯೋ ಎಂಬುದನ್ನು ನೋಡಿ, ಚಕ್ರದ ತಾಣಕ್ಕೆ ಹೊಂದುವುದನ್ನೇ ಆರಿಸಬೇಕು.

ಕಾರನ್ನು ಗಟ್ಟಿನೆಲದ ಮೇಲೆ ನಿಲ್ಲಿಸಿ, ಜಾಕಿನಿಂದ ಎತ್ತಿ, ಭದ್ರವಾದ ಆಸರೆಗಂಬಗಳ ಮೇಲೆ ಕೂರಿಸಬೇಕು. ಬರಿಯ ಜಾಕಿನ ಮೇಲೆ ನಂಬಿಕೆಯಿಟ್ಟು ಕೆಳಗೆ ಕೈಯಿಡಕೂಡದು. ಚಕ್ರ, ಕ್ಯಾಲಿಪರ್, ಡಿಸ್ಕ್ ಇವುಗಳನ್ನು ಕ್ರಮವಾಗಿ ಬಿಚ್ಚಬೇಕು. ಕ್ಯಾಲಿಪರನ್ನು ಅದರ ಎಣ್ಣೆಯ ಕೊಳವೆಯ ಮೇಲೆ ಜೋತುಬಿಡದೆ ತಂತಿಯಿಂದ ಕಟ್ಟಿ ತೂಗುಹಾಕಬೇಕು. ಹಳೆಯ ಸ್ಟಡ್ಡು ಹಬ್ಬಿನ ಹಿಂಬದಿಗೆ ಹೊರಬೀಳುವಂತಹುದು. ಹಬ್ಬನ್ನು ತಿರುಗಿಸಿ, ಹಿಂದೆ ಎಡೆಯಿರುವ ಜಾಗಕ್ಕೆ ಒಂದೊಂದೇ ಸ್ಟಡ್ಡನ್ನು ತಂದು, ಒತ್ತುಸಾಧನದಿಂದ ಹೊರದೂಡಬೇಕು. ಸುತ್ತಿಗೆಯಿಂದ ಹೊಡೆದು ತೆಗೆಯುವ ರೂಢಿಯೂ ಇದೆ. ಆದರೆ ಪ್ರತಿ ಪೆಟ್ಟೂ ಬೇರಿಂಗಿನ ಗುಂಡುಗಳ ಮೂಲಕವೇ ಹಾದುಹೋಗುವುದರಿಂದ ಅದರ ನುಣುಪಾದ ದಾರಿಯಲ್ಲಿ ಕುಳಿಗಳು ಬೀಳಬಹುದು. ಕೆಲವು ಕಾರುಗಳಲ್ಲಿ ಉದ್ದನೆಯ ಸ್ಟಡ್ಡು ಒಳಸೇರಲು ಹಿಂದೆ ಎಡೆಯೇ ಸಾಲದು. ಅಲ್ಲಿ ಹಬ್ಬನ್ನೇ ಕಳಚಬೇಕಾಗುತ್ತದೆ. ಸ್ಟಡ್ಡನ್ನು ಓರೆಯಾಗಿ ನುಗ್ಗಿಸುವುದಾಗಲಿ, ತಲೆಯನ್ನು ಉಜ್ಜಿ ಕಿರಿದು ಮಾಡುವುದಾಗಲಿ ಸಲ್ಲದು.

ಹೊಸ ಸ್ಟಡ್ಡನ್ನು ಹಳೆಯ ಗೀರುಗಳ ಜಾಡಿಗೆ ಹೊಂದಿಸಿ, ಒತ್ತುಯಂತ್ರದಿಂದ ನೇರವಾಗಿ ಕೂರಿಸುವುದು ಉತ್ತಮ ಮಾರ್ಗ. ಯಂತ್ರವಿಲ್ಲದೆಡೆ ವಾಷರುಗಳನ್ನು ಹಾಕಿ ನಟ್ಟಿನಿಂದ ಎಳೆದು ಕೂರಿಸುವುದುಂಟು. ಹಾಗೆ ಮಾಡುವುದಾದರೆ ಆ ಕೆಲಸಕ್ಕೆ ಬೇರೆಯೇ ಒಂದು ನಟ್ಟನ್ನು ಬಳಸಿ ಅನಂತರ ಎಸೆಯಬೇಕು. ಸ್ಟಡ್ಡನ್ನು ಅಳತೆಮೀರಿ ಎಳೆಯದಂತೆ ಎಚ್ಚರವಹಿಸಬೇಕು. ಸ್ಟಡ್ಡಿನ ತಲೆ ಹಬ್ಬಿನ ಹಿಂಬದಿಗೆ ಸಂದಿಲ್ಲದೆ ಕೂತಿದೆಯೇ ಎಂದು ದೀಪ ಹಿಡಿದು ನೋಡಬೇಕು. ಗೀರುಗಳು ಸ್ಟಡ್ಡು ತಿರುಗದಂತೆ ತಡೆಯುತ್ತವೆಯೇ ಹೊರತು ಎಳೆತವನ್ನು ತಾಳುವುದು ತಲೆಯೇ. ಅರ್ಧ ಕೂತ ತಲೆ ಪಥದ ಮೇಲೆ ಪೂರ್ಣವಾಗಿ ಕೂರುತ್ತದೆ. ಅದು ಕೂತ ಕ್ಷಣವೇ ನಟ್ಟು ಸಡಿಲವಾಗುತ್ತದೆ.

೬. ಬಿಗಿತ ಕಳೆದುಹೋಗುವ ಬಗೆ

ಸ್ಟಡ್ಡು ಎಷ್ಟು ಹಿಗ್ಗುತ್ತದೆ? ಹಬ್ಬಿನಿಂದ ನಟ್ಟಿನವರೆಗೆ ಎಳೆಯಲ್ಪಡುವ ಭಾಗ ೨೫ ಮಿಲಿಮೀಟರು, ತಿರುಪಿನ ಅಡ್ಡಕೊಯ್ತದ ಕ್ಷೇತ್ರ ೮೮ ಚದರ ಮಿಲಿಮೀಟರು, ಕರ್ಷಣ ೪೫,೦೦೦ ನ್ಯೂಟನ್ ಎಂದಿಟ್ಟರೆ ಹಿಗ್ಗು ೦.೦೬ ಮಿಲಿಮೀಟರು ಮಾತ್ರ. ಒಂದು ತಲೆಗೂದಲಿನ ದಪ್ಪದ ಸುಮಾರು. ಒತ್ತಲ್ಪಟ್ಟ ಲೋಹದ ಕುಗ್ಗನ್ನು ಇಲ್ಲಿ ಗಣಿಸಿಲ್ಲ. ಹದಿನೆಂಟು ಟನ್ನಿನ ಹಿಡಿತವೆಲ್ಲ ಈ ಕೂದಲೆಳೆಯ ಹಿಗ್ಗಿನಲ್ಲಿ ಅಡಗಿದೆ. ಕೂರುವ ಮುಖಗಳು ೦.೦೨ ಮಿಲಿಮೀಟರಿನಷ್ಟು ಕುಸಿದರೆ ಮೂರರಲ್ಲೊಂದು ಪಾಲು ಕರ್ಷಣ ಹೋಯಿತು. ಚಕ್ರ ಜಾರುವ ಎಲ್ಲೆ ಅದೇ ಎಂಬುದನ್ನು ಹಿಂದೆ ಕಂಡೆವು.

ಆದುದರಿಂದ ಹಬ್ಬಿನ ಮುಖದಲ್ಲಿ ತುಕ್ಕು, ಮಣ್ಣು, ಬಣ್ಣ ಯಾವುದೂ ಇರಬಾರದು. ಬಣ್ಣದ ಒಂದು ಪದರವೇ ಸ್ಟಡ್ಡಿನ ಒಟ್ಟು ಹಿಗ್ಗಿಗಿಂತ ದಪ್ಪವಾಗಿರಬಹುದು. ಅದು ಜಜ್ಜಿಹೋದಾಗ ಬಿಗಿತವೂ ಹೋಗುತ್ತದೆ. ೨೦ ಮಿಲಿಮೀಟರಿನ ಸ್ಪೇಸರ್ ಹಾಕಿದಲ್ಲಿ ಎಳೆಯಲ್ಪಡುವ ಭಾಗ ೪೫ ಮಿಲಿಮೀಟರಾಗಿ ಹಿಗ್ಗು ೦.೧೧ಕ್ಕೆ ಏರುತ್ತದೆ. ಅಷ್ಟೇ ಕುಸಿತಕ್ಕೆ ನಷ್ಟವು ಐದರಲ್ಲೊಂದು ಪಾಲಿಗಿಂತ ಕಡಿಮೆ. ಉದ್ದದಿಂದ ನಿಜವಾಗಿ ಲಾಭವಾಗುವ ಸಂದರ್ಭ ಇದೊಂದೇ. ಆದರೆ ಸ್ಪೇಸರಿನಿಂದ ಕೂರುವ ಮುಖಗಳ ಜೋಡಿ ಒಂದಿದ್ದುದು ಎರಡಾಗುತ್ತದೆ, ಚಕ್ರ ಹೊರಕ್ಕೆ ಸರಿದು ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಒಂದು ಕೈಯಿಂದ ಪಡೆದುದನ್ನು ಇನ್ನೊಂದು ಕೈಯಿಂದ ತೆತ್ತಂತಾಗುತ್ತದೆ.

ಕಾವಿನ ಪರಿಣಾಮವೂ ಉಂಟು. ಪಥದಲ್ಲಿ ಬ್ರೇಕ್ ಡಿಸ್ಕು ನೂರಾರು ಡಿಗ್ರಿ ಕಾಯುತ್ತದೆ. ಆ ಕಾವು ಹಬ್ಬಿಗೂ ಚಕ್ರಕ್ಕೂ ಹರಿಯುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವ ಲೋಹ. ೧೫ ಮಿಲಿಮೀಟರು ದಪ್ಪದ ತಾಣ ೧೦೦ ಡಿಗ್ರಿ ಕಾದರೆ ಅದು ಉಕ್ಕಿಗಿಂತ ೦.೦೧೬ ಮಿಲಿಮೀಟರಿನಷ್ಟು ಹೆಚ್ಚು ಬೆಳೆದು ಸ್ಟಡ್ಡನ್ನು ಇನ್ನೂ ಎಳೆಯುತ್ತದೆ. ಮೃದುವಾದ ತಾಣ ಆ ಒತ್ತಡಕ್ಕೆ ಸೋತು ಕುಸಿದರೆ, ತಣಿದ ಮೇಲೆ ಸಡಿಲ ಉಳಿಯುತ್ತದೆ. ಕಾದಿರುವಾಗ ನಟ್ಟನ್ನು ಮುಟ್ಟದೆ, ತಣಿದ ಮೇಲೆ ಮರಳಿ ಪರೀಕ್ಷಿಸಬೇಕೆಂಬ ನಿಯಮಕ್ಕೆ ಇದೇ ಕಾರಣ.

ಸಡಿಲದಂತೆ ಅತಿಬಿಗಿತವೂ ದೋಷವೇ. ನಮ್ಮ ಹೆದ್ದಾರಿಯ ಬದಿಯಲ್ಲಿ ಇದು ಹೆಚ್ಚು ವಿಚಾರಾರ್ಹವಾದುದು. ಅದಿರಿನ ಲಾರಿಯ ೨೨ ಮಿಲಿಮೀಟರು ಸ್ಟಡ್ಡಿಗೆ ೬೦೦ ನ್ಯೂಟನ್-ಮೀಟರಿನಷ್ಟು ತಿರುಪುಬಲ ಸಹಜ. ಅದಕ್ಕೆಂದೇ ಪಾನಾದ ಹಿಡಿಗೆ ಉದ್ದನೆಯ ಕೊಳವೆಯನ್ನು ಸಿಕ್ಕಿಸಿ ಕಾಲಿನಿಂದ ಮೆಟ್ಟುತ್ತಾರೆ. ಅದೇ ಕೈ, ಅದೇ ಕೊಳವೆ, ಕಾರಿನ ೧೨ ಮಿಲಿಮೀಟರಿನ ಸ್ಟಡ್ಡಿಗೆ ಬಂದರೆ ಗತಿಯೇನು? ಅರುವತ್ತು ಕಿಲೋಗ್ರಾಂ ತೂಕದ ಆಳು ೬೦ ಸೆಂಟಿಮೀಟರು ದೂರದಲ್ಲಿ ಮೆಟ್ಟಿ ನಿಂತರೆ ತಿರುಪುಬಲ ಸುಮಾರು ೩೫೦ ನ್ಯೂಟನ್-ಮೀಟರು. ಹಿಂದಿನ ಸೂತ್ರದಂತೆ ಕರ್ಷಣವು ೧,೪೫,೦೦೦ ನ್ಯೂಟನ್ನಿಗೂ ಮೀರಬೇಕು. ಆದರೆ ೧೦.೯ ದರ್ಜೆಯ ಆ ಸ್ಟಡ್ಡು ಸುಮಾರು ೮೮,೦೦೦ಕ್ಕೇ ಹರಿಯುವಂತಹುದು. ಅದು ಅಲ್ಲಿಯೇ ಮುರಿದರೆ ಒಳಿತು. ಮುರಿಯದೆ, ಎಳೆದ ಬೆಲ್ಲದ ಪಾಕದಂತೆ ಹಿಗ್ಗಿ ಸೊರಗಿ ಉಳಿದರೆ, ಮುಂದೆ ಎಲ್ಲಿ ಮುರಿಯುವುದೆಂದು ಹೇಳಬಲ್ಲವರಿಲ್ಲ. ದುಡಿಯುವವನ ತಪ್ಪು ಇದರಲ್ಲಿ ಕಡಿಮೆ. ಅವನ ಕೈಗೆ ಲಾರಿಯ ಅಭ್ಯಾಸವಾಗಿದೆ. ಕಾರಿನ ಒಡೆಯನು ತನ್ನ ಸ್ಟಡ್ಡಿಗೆ ಬೇಕಾದ ಬಲವೆಷ್ಟೆಂದು ಅವನಿಗೆ ತಿಳಿಸಬೇಕು.

ತಿರುಪಿಗೆ ಎಣ್ಣೆ ಸವರುವುದರಲ್ಲಿಯೂ ಇದೇ ಅಪಾಯವಿದೆ. ನಟ್ಟಿಗೆ ನಾವು ಕೊಡುವ ಬಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಕರ್ಷಣಕ್ಕೆ ಸಲ್ಲುತ್ತದೆ. ಉಳಿದ ಒಂಬತ್ತು ಪಾಲು ಘರ್ಷಣೆಗೆ ವ್ಯಯವಾಗುತ್ತದೆ. ಎಣ್ಣೆಯಿಂದ ಘರ್ಷಣೆ ತಗ್ಗಿ ಗುಣಾಂಕ ೦.೧೫ಕ್ಕೆ ಇಳಿದರೆ, ಅದೇ ೧೦೮ ನ್ಯೂಟನ್-ಮೀಟರಿಗೆ ಕರ್ಷಣ ೬೦,೦೦೦ ನ್ಯೂಟನ್ನಿಗೆ ಏರುತ್ತದೆ. ಕೀಳುದರ್ಜೆಯ, ಎಂದರೆ ೮.೮ರ ಸ್ಟಡ್ಡು ಇಷ್ಟಕ್ಕೆ ಮರಳಿ ಕುಗ್ಗದಂತೆ ಹಿಗ್ಗಿಬಿಡುತ್ತದೆ. ಕಾರಿನ ತಯಾರಕರು ಒಣತಿರುಪಿಗೆಂದು ಹೇಳಿದ ಅಂಕಿಯನ್ನು ಒಣತಿರುಪಿಗೇ ಬಳಸಬೇಕು.

ಬಿಗಿಸುವಾಗ ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ, ಕೊನೆಯ ಹಂತದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಸಬೇಕು. ಹೊಸ ಸ್ಟಡ್ಡು ಕೂಡಿಸಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರು ಓಡಿಸಿ ಮರಳಿ ಪರೀಕ್ಷಿಸಬೇಕು. ಪಥದಲ್ಲಿ ಪ್ರತಿ ಓಟದ ಅನಂತರವೂ, ಮನೆಗೆ ಹೊರಡುವ ಮುನ್ನವೂ ಈ ಪರೀಕ್ಷೆ ತಪ್ಪಕೂಡದು. ಒಮ್ಮೆ ಸಡಿಲವಾಗಿ ಓಡಿದ ಚಕ್ರದ ಎಲ್ಲ ಸ್ಟಡ್ಡುಗಳನ್ನೂ ಬದಲಿಸುವುದು ಕ್ಷೇಮ. ಒಳಗಿನ ಬಿರುಕು ಕಣ್ಣಿಗೆ ಕಾಣುವಂತಹುದಲ್ಲ.

೭. ಉಪಸಂಹಾರ

ಹಬ್ಬಕ್ಕೆ ತೇರನ್ನು ಕಟ್ಟುವವರು ಎಳೆಯುವ ಮುನ್ನ ಅಚ್ಚನ್ನೂ ಕಡಾಣಿಯನ್ನೂ ಮುಟ್ಟಿ ನೋಡುತ್ತಾರೆ. ಕಾರಿನ ಚಕ್ರದಲ್ಲಿ ಮುಟ್ಟಿ ನೋಡಿದರೆ ತಿಳಿಯುವಂತಹುದು ಏನೂ ಇಲ್ಲ. ಕೂದಲೆಳೆಯ ಹಿಗ್ಗು ಬೆರಳಿಗೆ ಸಿಗದು, ಅಳೆಯುವ ಸಾಧನವೇ ಬೇಕು. ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನವನ್ನು ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಡಿಸುವುದಕ್ಕೆ ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಪ್ರಕರಣವು ನಿರ್ಬಂಧಗಳನ್ನು ಹಾಕಿದೆ ಎಂಬುದನ್ನೂ ಪಥಪ್ರಿಯರು ಮರೆಯಬಾರದು.

ಅಧ್ಯಾಪಕರಿಗೆ ಒಂದು ಸೂಚನೆಯಿದೆ. ಟಾರ್ಕ್ ರೆಂಚು ಎಲ್ಲ ಕಾಲೇಜುಗಳಲ್ಲಿಯೂ ಇರಲಾರದು. ಸ್ಪ್ರಿಂಗ್ ತಕ್ಕಡಿ ಇದ್ದೇ ಇರುತ್ತದೆ. ನಲವತ್ತು ಸೆಂಟಿಮೀಟರು ಉದ್ದದ ಪಾನಾದ ತುದಿಗೆ ಅದನ್ನು ಸಿಕ್ಕಿಸಿ, ಪಾನಾಕ್ಕೆ ಲಂಬವಾಗಿ ಎಳೆಯುತ್ತ ಹೋದರೆ, ಮುಳ್ಳು ೨೭.೫ ಕಿಲೋಗ್ರಾಮಿಗೆ ಬಂದಾಗ ತಿರುಪುಬಲ ೧೦೮ ನ್ಯೂಟನ್-ಮೀಟರು ಆಗಿರುತ್ತದೆ. ತಕ್ಕಡಿಯ ಅಳತೆ ಅಷ್ಟಿಲ್ಲದಿದ್ದರೆ ಪಾನಾವನ್ನು ಉದ್ದ ಮಾಡಿ ಭಾರವನ್ನು ಇಳಿಸಬಹುದು. ವಿದ್ಯಾರ್ಥಿಗಳು ಮೊದಲು ತಮ್ಮ ಕೈಯ ಅಂದಾಜಿನಿಂದ ನಟ್ಟನ್ನು ಬಿಗಿಸಲಿ. ಅನಂತರ ತಕ್ಕಡಿಯಿಂದ ಪರೀಕ್ಷಿಸಲಿ. ಅಂದಾಜಿಗೂ ಅಳತೆಗೂ ಇರುವ ಅಂತರವನ್ನು ಒಂದು ಸಾರಿ ಕಂಡವನು ಹೆದ್ದಾರಿಯ ಬದಿಯಲ್ಲಿ ನಿಂತಾಗ, ಕೊಳವೆಯ ಮೇಲೆ ಕಾಲಿಡುವವನನ್ನು ವಿನಯದಿಂದಲೇ ತಡೆದು, ಬೇಕಾದ ಅಂಕಿಯನ್ನು ಹೇಳಬಲ್ಲನು. ಅಷ್ಟಾದರೆ ಈ ಲೇಖನದ ಉದ್ದೇಶವು ಸಫಲವಾದಂತೆಯೇ ಎಂದು ನಾವು ಭಾವಿಸುತ್ತೇವೆ.